ಸಮೀಕರಣ ಸರಿದೂಗಿಸುವುದು: ಮೊದಲು ತೂಕ, ಆಮೇಲೆ ಲೆಕ್ಕ

ಹೈಸ್ಕೂಲಿನಲ್ಲಿ ನಾನು ಸರಿದೂಗಿಸಿದ ಮೊದಲ ಸಮೀಕರಣಕ್ಕೆ ಸೊನ್ನೆ ಬಿತ್ತು. ಹೈಡ್ರೋಜನ್ನೂ ಆಕ್ಸಿಜನ್ನೂ ಸೇರಿ ನೀರಾಗುವುದು, ಅಷ್ಟೇ. ಎಡಗಡೆ ಎರಡು ಆಕ್ಸಿಜನ್, ಬಲಗಡೆ ಒಂದು. ಒಂದು ಕಡಿಮೆ ಇದೆ ಅಲ್ವಾ, ಸೇರಿಸಿದರಾಯಿತು ಅಂತ ನೀರಿನ ಸೂತ್ರಕ್ಕೇ ಇನ್ನೊಂದು ಪುಟ್ಟ 2 ಅಂಟಿಸಿದೆ. ಎಚ್₂ಓ ಹೋಗಿ ಎಚ್₂ಓ₂ ಆಯಿತು. ಲೆಕ್ಕ ಪಕ್ಕಾ, ಎರಡೂ ಕಡೆ ಎರಡೆರಡು. ಯಾಕೆ ತಪ್ಪು ಅಂತ ಕೇಳಿದ್ದಕ್ಕೆ ‘ಹಾಗೆಲ್ಲ ಮಾಡಬಾರದು’ ಅನ್ನುವ ಉತ್ತರ ಸಿಕ್ಕಿತು. ನಾನು ಬರೆದದ್ದು ನೀರೇ ಅಲ್ಲ, ಹೈಡ್ರೋಜನ್ ಪೆರಾಕ್ಸೈಡ್, ಕೂದಲಿನ ಬಣ್ಣ ತೆಗೆಯಲು ಬಳಸುವ ಬೇರೆಯೇ ವಸ್ತು ಅಂತ ಗೊತ್ತಾಗಲು ಇನ್ನೂ ಎರಡು ವರ್ಷ ಬೇಕಾಯಿತು.

ಆ ಎರಡು ವರ್ಷ ನಿಮಗೆ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಧಾತುಗಳ ಸಂಕೇತಗಳನ್ನು ನಾವು ಬಾಯಲ್ಲಿ ಹೇಳುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ನೋಟ್‌ಬುಕ್ಕಿನಲ್ಲಿ ನೀವು ಎಂದಿನಂತೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಕೊಳ್ಳಿ.

ಈಗ ಆ ಪದವನ್ನೇ ನೋಡಿ. ಸರಿದೂಗಿಸು. ಸರಿಯಾಗಿ ತೂಗುವಂತೆ ಮಾಡು ಅಂತ ಅರ್ಥ. ಪದದ ಒಳಗೇ ತಕ್ಕಡಿ ಇದೆ, ಆದರೆ ಪಾಠ ಮಾಡುವಾಗ ತಕ್ಕಡಿಯನ್ನು ಪಕ್ಕಕ್ಕಿಟ್ಟು ಬರೀ ಸಂಖ್ಯೆ ತುಂಬಿಸುವ ಆಟವನ್ನಾಗಿ ಮಾಡಿಬಿಟ್ಟಿದ್ದೇವೆ. ನನ್ನ ಪ್ರಕಾರ ಮಕ್ಕಳು ಎಡವುವುದು ಇಲ್ಲೇ. ಏನನ್ನು ತೂಗುತ್ತಿದ್ದೇವೆ ಅಂತ ಗೊತ್ತಿದ್ದರೆ ಸಂಖ್ಯೆ ಎಲ್ಲಿ ಬರೆಯಬೇಕು, ಎಲ್ಲಿ ಬರೆಯಬಾರದು ಅನ್ನುವುದನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ನಿಯಮ ಚಿಕ್ಕದು. ರಾಸಾಯನಿಕ ಕ್ರಿಯೆಯಲ್ಲಿ ರಾಶಿ (ತಕ್ಕಡಿಯಲ್ಲಿ ನಾವು ತೂಗುವ ದ್ರವ್ಯದ ಪ್ರಮಾಣ) ಹೊಸದಾಗಿ ಹುಟ್ಟುವುದಿಲ್ಲ, ಇರುವುದು ನಾಶವಾಗುವುದಿಲ್ಲ. ಇದಕ್ಕೇ ರಾಶಿ ಸಂರಕ್ಷಣಾ ನಿಯಮ ಅನ್ನುವುದು. ಓದಲು ಸುಲಭ, ನಂಬಲು ಕಷ್ಟ, ಯಾಕೆಂದರೆ ಕಣ್ಣಿಗೆ ಕಾಣುವುದು ಇದಕ್ಕೆ ಉಲ್ಟಾ. ಮೇಣದಬತ್ತಿ ಉರಿದು ಮಾಯವಾಗುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿದರೆ ತೂಕ ಜಾಸ್ತಿಯಾಗುತ್ತದೆ. ಒಂದು ಕಡೆ ಕಳೆದುಹೋದ ಹಾಗೆ, ಇನ್ನೊಂದು ಕಡೆ ಎಲ್ಲಿಂದಲೋ ಬಂದ ಹಾಗೆ.

ಈ ಗೊಂದಲ ನಿಮಗೊಬ್ಬರಿಗೇ ಅಲ್ಲ, ದೊಡ್ಡವರಿಗೂ ಆಗಿತ್ತು. 1673ರಲ್ಲಿ ರಾಬರ್ಟ್ ಬಾಯ್ಲ್ ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಲೋಹ ಕಾಯಿಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಪಾತ್ರೆ ತೆರೆದು ತೂಗಿದರೆ ತೂಕ ಹೆಚ್ಚಾಗಿತ್ತು. ಬೆಂಕಿಯ ಕಣಗಳು ಗಾಜನ್ನು ತೂರಿಕೊಂಡು ಒಳಗೆ ಹೋಗಿರಬೇಕು ಅಂತ ಅವರು ಅಂದುಕೊಂಡರು. ಸುಮಾರು ನೂರು ವರ್ಷದ ಮೇಲೆ, 1774ರಲ್ಲಿ, ಫ್ರಾನ್ಸಿನ ಆಂಟ್ವಾನ್ ಲವಾಸಿಯೆ ಹೆಚ್ಚುಕಡಿಮೆ ಅದೇ ಪ್ರಯೋಗವನ್ನು ತವರದ ಜೊತೆ ಮಾಡಿದರು, ಆದರೆ ಪಾತ್ರೆ ತೆರೆಯುವ ಮೊದಲೇ ತೂಗಿದರು. ತೂಕ ಬದಲಾಗಿರಲಿಲ್ಲ! ತೆರೆದ ಕೂಡಲೇ ಹೊರಗಿನ ಗಾಳಿ ಸುಯ್ಯೆಂದು ಒಳಗೆ ನುಗ್ಗಿತು, ಆಮೇಲೆ ತೂಕ ಏರಿತು. ಒಳಗಿದ್ದ ಗಾಳಿಯ ಒಂದು ಭಾಗ ತವರಕ್ಕೆ ಸೇರಿಹೋಗಿತ್ತು, ಖಾಲಿಯಾದ ಆ ಜಾಗಕ್ಕೆ ಹೊಸ ಗಾಳಿ ಬಂತು, ಅಷ್ಟೇ ಕಥೆ. ರಷ್ಯಾದ ಲೊಮೊನೊಸೊವ್ 1756ರಲ್ಲೇ ಹೀಗೆ ಮುಚ್ಚಿದ ಪಾತ್ರೆಯನ್ನು ತೂಗಿದ್ದರು, ಆದರೆ ಅದು ಹೊರಗೆ ಹೆಚ್ಚು ಗೊತ್ತಾಗಲಿಲ್ಲ. ಮುಚ್ಚಳ ತೆಗೆಯುವುದು ಮೊದಲೋ ತೂಗುವುದು ಮೊದಲೋ, ಬರೀ ಇಷ್ಟೇ ವ್ಯತ್ಯಾಸ.

ಇದನ್ನು ಮನೆಯಲ್ಲೇ ಮಾಡಬಹುದು. 0.1 ಗ್ರಾಂ ತೋರಿಸುವ ಪುಟ್ಟ ತೂಕದ ಯಂತ್ರ, 1 ಲೀಟರಿನ ಸೋಡಾ ತುಂಬಿ ಬರುವ ಪ್ಲಾಸ್ಟಿಕ್ ಬಾಟಲಿ, 2 ಗ್ರಾಂ ಅಡಿಗೆ ಸೋಡಾ, ನಾಲ್ಕೈದು ಚಮಚ ವಿನೆಗರ್. ಗಾಜಿನ ಬಾಟಲಿ ಬೇಡ, ಸೋಡಾ 2 ಗ್ರಾಂ ದಾಟುವುದೂ ಬೇಡ, ಒಳಗೆ ಒತ್ತಡ ಏರುತ್ತದೆ. ವಿನೆಗರನ್ನು ಬಾಟಲಿಗೆ ಹಾಕಿ. ಸೋಡಾವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಬಾಟಲಿಯನ್ನು ಅಡ್ಡ ಹಿಡಿದು ಅದರ ಬಾಯಿಯ ಒಳಗೆ ಇಟ್ಟು, ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿ ತೂಗಿ. ಈಗ ಅಲ್ಲಾಡಿಸಿ. ಬುರುಬುರು ನೊರೆ ಬರುತ್ತದೆ, ಬಾಟಲಿ ಗಟ್ಟಿಯಾಗುತ್ತದೆ. ಮತ್ತೆ ತೂಗಿ. ಅಷ್ಟೇ ಇರುತ್ತದೆ. ಈಗ ಮುಚ್ಚಳವನ್ನು ನಿಧಾನಕ್ಕೆ ಸಡಿಲಿಸಿ, ಬುಸ್ ಅಂತ ಗಾಳಿ ಹೋದ ಮೇಲೆ ಇನ್ನೊಮ್ಮೆ ತೂಗಿ. ಯಂತ್ರ ಕಡಿಮೆ ತೋರಿಸುತ್ತದೆ. ಹೋದದ್ದು ಆ ಅನಿಲದ ತೂಕ. 84 ಗ್ರಾಂ ಅಡಿಗೆ ಸೋಡಾದಿಂದ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಹಾಗಾಗಿ 2 ಗ್ರಾಂಗೆ ಸುಮಾರು 1 ಗ್ರಾಂ. ಅದರಲ್ಲಿ ಸ್ವಲ್ಪ ಒಳಗೇ ಉಳಿದುಕೊಳ್ಳುವುದರಿಂದ ಯಂತ್ರದಲ್ಲಿ ಒಂದು ಗ್ರಾಂಗಿಂತ ಕಡಿಮೆಯೇ ಇಳಿಯುತ್ತದೆ.

ಬಲೂನ್ ಅಥವಾ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಇದೇ ಪ್ರಯೋಗ ಮಾಡಿ ‘ನಿಯಮ ಸುಳ್ಳು’ ಅನ್ನುವವರಿದ್ದಾರೆ. ಅಲ್ಲಿ ಬೇರೆ ತಮಾಷೆ ನಡೆಯುತ್ತದೆ. ಚೀಲ ಉಬ್ಬಿದರೆ ಅದು ಸುತ್ತಲಿನ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ, ಆ ಗಾಳಿ ಅದನ್ನು ಮೇಲಕ್ಕೆತ್ತುತ್ತದೆ, ನೀರಿನಲ್ಲಿ ಬಿಂದಿಗೆ ಹಗುರವಾಗುವ ಹಾಗೆ. ಒಂದು ಲೀಟರ್ ಉಬ್ಬಿದರೆ ಯಂತ್ರದಲ್ಲಿ ಸುಮಾರು 1.2 ಗ್ರಾಂ ಕಡಿಮೆ ಕಾಣುತ್ತದೆ. ಏನೂ ಸೋರಿರುವುದಿಲ್ಲ. ಅದಕ್ಕೇ ಉಬ್ಬದ ಬಾಟಲಿ ಬೇಕು ಅಂದದ್ದು.

ಸರಿ, ಮುಚ್ಚಿದ ಬಾಟಲಿ ತಲೆಯಲ್ಲಿರಲಿ. ಸಮೀಕರಣ ಅಂದರೆ ಅದೇ ಬಾಟಲಿ, ಕಾಗದದ ಮೇಲೆ. ಬಾಣದ ಗುರುತಿನ ಎಡಗಡೆ ಇರುವುದು ಕ್ರಿಯೆಗೆ ಮೊದಲಿನ ಬಾಟಲಿ, ಬಲಗಡೆ ಇರುವುದು ಕ್ರಿಯೆ ಮುಗಿದ ಮೇಲಿನ ಬಾಟಲಿ. ಒಳಗಿನ ಪರಮಾಣುಗಳು ಅವೇ, ಜೊತೆಗಾರರು ಮಾತ್ರ ಬದಲು. ಒಂದೇ ಒಂದು ಪರಮಾಣು ಹೆಚ್ಚುಕಡಿಮೆಯಾದರೂ ಮುಚ್ಚಳ ಸೋರಿದೆ ಅಂತ ಅರ್ಥ.

ಸೂತ್ರದಲ್ಲಿ ಎರಡು ಥರದ ಸಂಖ್ಯೆ ಇರುತ್ತವೆ. ಸಂಕೇತದ ಬುಡದಲ್ಲಿರುವ ಪುಟ್ಟ ಸಂಖ್ಯೆ ಆ ವಸ್ತು ಏನು ಅಂತ ಹೇಳುತ್ತದೆ. ಅದನ್ನು ಮುಟ್ಟಿದರೆ ವಸ್ತುವೇ ಬದಲಾಗುತ್ತದೆ, ನಾನು ಮಾಡಿದ ಹಾಗೆ. ಸೂತ್ರದ ಮುಂದೆ ಬರೆಯುವ ದೊಡ್ಡ ಸಂಖ್ಯೆ, ಪುಸ್ತಕದ ಭಾಷೆಯಲ್ಲಿ ಗುಣಾಂಕ, ಆ ವಸ್ತು ಎಷ್ಟು ಅಂತ ಹೇಳುತ್ತದೆ. ನಮಗೆ ಬದಲಾಯಿಸಲು ಬಿಟ್ಟಿರುವುದು ಇದೊಂದೇ. (ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ಸುಮಾರು 1814ರಲ್ಲಿ ಈ ಅಕ್ಷರದ ಸಂಕೇತಗಳನ್ನು ಬಳಕೆಗೆ ತಂದಾಗ ಪುಟ್ಟ ಸಂಖ್ಯೆಯನ್ನು ಮೇಲೆ ಬರೆಯುತ್ತಿದ್ದರಂತೆ, ಗಣಿತದ ಘಾತದ ಹಾಗೆ. ಸದ್ಯ, ಅದು ಕೆಳಗಿಳಿಯಿತು.)

ನನ್ನ ಆ ನೀರಿನ ಲೆಕ್ಕವನ್ನು ಈಗ ಸರಿಮಾಡೋಣ. ಎಚ್₂ + ಓ₂ → ಎಚ್₂ಓ. ಬಲಗಡೆ ಆಕ್ಸಿಜನ್ ಕಡಿಮೆ ಇದ್ದರೆ ನೀರನ್ನೇ ಎರಡು ಮಾಡಿ: 2ಎಚ್₂ಓ. ಆಗ ಬಲಗಡೆ ನಾಲ್ಕು ಹೈಡ್ರೋಜನ್ ಆಯಿತು, ಎಡಗಡೆ 2ಎಚ್₂ ಬರೆಯಿರಿ. ಮುಗಿಯಿತು. ತೂಗಿ ನೋಡಿ (ಒಂದೊಂದು ಪರಮಾಣುವಿನ ತೂಕ ಹೈಡ್ರೋಜನ್‌ಗೆ 1, ಕಾರ್ಬನ್‌ಗೆ 12, ಆಕ್ಸಿಜನ್‌ಗೆ 16 ಅಂತ ಇಟ್ಟುಕೊಳ್ಳಿ): 4 + 32 = 36, ಬಲಗಡೆ 2 × 18 = 36.

ಇನ್ನು ಸ್ವಲ್ಪ ದೊಡ್ಡದು. ಮೀಥೇನ್ ಉರಿಯುವುದು: ಸಿಎಚ್₄ + ಓ₂ → ಸಿಓ₂ + ಎಚ್₂ಓ. ಬಾಣದ ಕೆಳಗೆ ಗೆರೆ ಎಳೆದು ಎರಡೂ ಕಡೆ ಧಾತುಗಳ ಹೆಸರು ಬರೆದುಕೊಳ್ಳಿ. ಕಾರ್ಬನ್ ಒಂದು, ಒಂದು. ಹೈಡ್ರೋಜನ್ ನಾಲ್ಕು, ಎರಡು. ಆಕ್ಸಿಜನ್ ಎರಡು, ಮೂರು. ಆಕ್ಸಿಜನ್ ಸರಿಯಿಲ್ಲ ಅಂತ ಕೂಡಲೇ ಅದಕ್ಕೆ ಕೈ ಹಾಕಬೇಡಿ. ಕಾರ್ಬನ್ ಸರಿಯಿದೆ, ಬಿಡಿ. ಹೈಡ್ರೋಜನ್‌ಗಾಗಿ ನೀರಿನ ಮುಂದೆ 2. ಈಗ ಬಲಗಡೆ ಆಕ್ಸಿಜನ್ ನಾಲ್ಕು. ಎಡಗಡೆ 2ಓ₂. ಸಿಎಚ್₄ + 2ಓ₂ → ಸಿಓ₂ + 2ಎಚ್₂ಓ. ತೂಕ: 16 + 64 = 80, ಬಲಗಡೆ 44 + 36 = 80.

ಆಕ್ಸಿಜನ್ ಯಾಕೆ ಕೊನೆಗೆ? ಅದು ಎಡಗಡೆ ಒಂಟಿಯಾಗಿ ನಿಂತಿದೆ. ಅದರ ಮುಂದಿನ ಸಂಖ್ಯೆ ಬದಲಾಯಿಸಿದರೆ ಬೇರೆ ಯಾವ ಧಾತುವಿನ ಲೆಕ್ಕವೂ ಕೆಡುವುದಿಲ್ಲ. ಸಿಎಚ್₄ ಮುಂದೆ ಸಂಖ್ಯೆ ಹಾಕಿದರೆ ಕಾರ್ಬನ್ನೂ ಹೈಡ್ರೋಜನ್ನೂ ಎರಡೂ ಅಲ್ಲಾಡುತ್ತವೆ. ಹಾಗಾಗಿ ತೊಡಕಿನ ಸೂತ್ರದಿಂದ ಶುರುಮಾಡಿ, ಒಂಟಿ ಧಾತುವನ್ನು ಕೊನೆಗೆ ಉಳಿಸಿಕೊಳ್ಳಿ. ಲೋಹ ಮೊದಲು, ಆಮೇಲೆ ಕಾರ್ಬನ್, ಗಂಧಕ ಇತ್ಯಾದಿ, ಆಮೇಲೆ ಹೈಡ್ರೋಜನ್, ಕೊನೆಗೆ ಆಕ್ಸಿಜನ್ ಅಂತ ಹೇಳಿಕೊಡುವ ಕ್ರಮ ಇದೆಯಲ್ಲ, ಅದರ ಹಿಂದಿನ ಗುಟ್ಟು ಇಷ್ಟೇ. ಹೈಡ್ರೋಜನ್ನೇ ಒಂಟಿಯಾಗಿದ್ದರೆ ಕ್ರಮ ಮುರಿದು ಅದನ್ನೇ ಕೊನೆಗೆ ಇಡಿ.

ಬೆಸ ಸಂಖ್ಯೆ ಬಂದಾಗ ಎಲ್ಲರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಲೈಟರಿನಲ್ಲಿರುವ ಬ್ಯುಟೇನ್ ತಗೊಳ್ಳಿ: ಸಿ₄ಎಚ್₁₀ + ಓ₂ → ಸಿಓ₂ + ಎಚ್₂ಓ. ಕಾರ್ಬನ್‌ಗೆ 4ಸಿಓ₂, ಹೈಡ್ರೋಜನ್‌ಗೆ 5ಎಚ್₂ಓ. ಬಲಗಡೆ ಆಕ್ಸಿಜನ್ 8 + 5 = 13. ಎಡಗಡೆ ಎರಡೆರಡಾಗಿ ಬರುವ ಆಕ್ಸಿಜನ್‌ನಿಂದ 13 ಮಾಡುವುದು ಹೇಗೆ? ಸುಮ್ನೆ ಆರೂವರೆ ಅಂತ ಬರೆದುಬಿಡಿ. ಹೌದು, 6½ ಓ₂. ಯಾರೂ ಬೈಯುವುದಿಲ್ಲ. ಆಮೇಲೆ ಇಡೀ ಸಮೀಕರಣವನ್ನು ಎರಡರಿಂದ ಗುಣಿಸಿ: 2ಸಿ₄ಎಚ್₁₀ + 13ಓ₂ → 8ಸಿಓ₂ + 10ಎಚ್₂ಓ. ತೂಕ 116 + 416 = 532, ಬಲಗಡೆ 352 + 180 = 532. ಮಧ್ಯದಲ್ಲಿ ಅರ್ಧ ಬಳಸುವುದು ತಪ್ಪಲ್ಲ, ಕೊನೆಯಲ್ಲಿ ಹಾಗೇ ಬಿಟ್ಟರೆ ಪರೀಕ್ಷೆಯಲ್ಲಿ ಅಂಕ ಹೋಗಬಹುದು ಅಷ್ಟೇ.

ಈ ತೂಕದ ತಾಳೆಯನ್ನು ಬಿಡಬೇಡಿ. ಹೈಡ್ರೋಜನ್ 1, ಕಾರ್ಬನ್ 12, ನೈಟ್ರೋಜನ್ 14, ಆಕ್ಸಿಜನ್ 16, ಕಬ್ಬಿಣ 56, ಇಷ್ಟು ನೆನಪಿದ್ದರೆ ಶಾಲೆಯ ಸಾಕಷ್ಟು ಲೆಕ್ಕಗಳಿಗೆ ಅರ್ಧ ನಿಮಿಷ ಸಾಕು. ಪರಮಾಣು ಎಣಿಸುವಾಗ ಕಣ್ಣು ತಪ್ಪುತ್ತದೆ, ತೂಕ ಬೇರೆ ದಾರಿಯಿಂದ ಬರುವುದರಿಂದ ಅದು ತಪ್ಪನ್ನು ಹಿಡಿದುಕೊಡುತ್ತದೆ.

ಆವರಣ ಚಿಹ್ನೆ ಇರುವ ಸೂತ್ರಗಳನ್ನು ನೋಡಿ ಹೆದರುವವರು ಜಾಸ್ತಿ. ನಿಜಕ್ಕೂ ಅವು ಸುಲಭ. ಅಲ್ಯೂಮಿನಿಯಂ ಮತ್ತು ಸಾರರಿಕ್ತ (ನೀರು ಬೆರೆಸಿದ) ಸಲ್ಫ್ಯೂರಿಕ್ ಆಮ್ಲ: ಎಎಲ್ + ಎಚ್₂ಎಸ್‌ಓ₄ → ಎಎಲ್₂(ಎಸ್‌ಓ₄)₃ + ಎಚ್₂. ಗಂಧಕ ಎಷ್ಟು, ಆಕ್ಸಿಜನ್ ಎಷ್ಟು ಅಂತ ಬಿಡಿಸಿ ಕೂರಬೇಡಿ. ಸಲ್ಫೇಟ್ ಎರಡೂ ಕಡೆ ಹಾಗೇ ಇಡಿಯಾಗಿ ಇದೆ. ಕಟ್ಟಿದ ಗಂಟಿನ ಹಾಗೆ, ಬಿಚ್ಚದೆ ಎಣಿಸಿ. ಬಲಗಡೆ ಮೂರು ಗಂಟು, ಎಡಗಡೆ 3ಎಚ್₂ಎಸ್‌ಓ₄. ಅಲ್ಯೂಮಿನಿಯಂ ಎರಡು. ಹೈಡ್ರೋಜನ್ ಆರು, ಅಂದರೆ 3ಎಚ್₂. ಮುಗಿದೇಹೋಯಿತು.

ಆಮ್ಲ ಮತ್ತು ಪ್ರತ್ಯಾಮ್ಲ ಸೇರುವಾಗ ನನಗಿಷ್ಟವಾದ ಇನ್ನೊಂದು ಉಪಾಯ ಇದೆ. ನೀರನ್ನು ಎಚ್₂ಓ ಅಂತ ನೋಡದೆ ಎಚ್-ಓಎಚ್ ಅಂತ ನೋಡಿ. ಸಿಎ(ಓಎಚ್)₂ + ಎಚ್₃ಪಿಓ₄ → ಸಿಎ₃(ಪಿಓ₄)₂ + ಎಚ್₂ಓ. ಬಲಗಡೆ ಕ್ಯಾಲ್ಸಿಯಂ ಮೂರು, ಫಾಸ್ಫೇಟ್ ಗಂಟು ಎರಡು. ಹಾಗಾಗಿ ಎಡಗಡೆ ಮೊದಲನೆಯದು 3, ಎರಡನೆಯದು 2. ಮೂರು ಸಿಎ(ಓಎಚ್)₂ ಇಂದ ಆರು ಓಎಚ್, ಎರಡು ಎಚ್₃ಪಿಓ₄ ಇಂದ ಆರು ಎಚ್. ಆರು ಜೋಡಿ, ಆರು ನೀರು. ಇದನ್ನೇ ಹೈಡ್ರೋಜನ್, ಆಕ್ಸಿಜನ್ ಬಿಡಿಬಿಡಿಯಾಗಿ ಎಣಿಸಿ ಮಾಡಲು ಹೋಗಿ, ಆಕ್ಸಿಜನ್ ಎಡಗಡೆ ಹದಿನಾಲ್ಕು ಬಂತು, ಬಲಗಡೆ ಒಂಬತ್ತು ಬಂತು ಅಂತ ಒದ್ದಾಡಿ ಪುಟ ಹರಿದವರನ್ನು ನಾನು ನೋಡಿದ್ದೇನೆ.

ಆದರೆ ಗಂಟು ಕೆಲವೊಮ್ಮೆ ಬಿಚ್ಚಿಕೊಳ್ಳುತ್ತದೆ. ತಾಮ್ರವನ್ನು ಸಾರರಿಕ್ತ ನೈಟ್ರಿಕ್ ಆಮ್ಲಕ್ಕೆ ಹಾಕಿದಾಗ ಆಗುವುದು ಅದೇ: ಸಿಯು + ಎಚ್‌ಎನ್‌ಓ₃ → ಸಿಯು(ಎನ್‌ಓ₃)₂ + ಎನ್‌ಓ + ಎಚ್₂ಓ. ನೈಟ್ರೇಟ್‌ನ ಒಂದು ಪಾಲು ಹಾಗೇ ಉಳಿಯಿತು, ಇನ್ನೊಂದು ಪಾಲು ಒಡೆದು ಎನ್‌ಓ ಆಯಿತು. ಇಲ್ಲಿ ಅಂದಾಜಿನ ಮೇಲೆ ಹೋದರೆ ಸಂಜೆಯಾಗುತ್ತದೆ. ಬೀಜಗಣಿತಕ್ಕೆ ಕೆಲಸ ಕೊಡಿ. ಐದು ವಸ್ತುಗಳ ಮುಂದೆ ಕ್ರಮವಾಗಿ ಅ, ಬ, ಕ, ಡ, ಇ ಅಂತ ಬರೆಯಿರಿ. ತಾಮ್ರದಿಂದ ಅ = ಕ. ಹೈಡ್ರೋಜನ್‌ನಿಂದ ಬ = 2ಇ. ನೈಟ್ರೋಜನ್‌ನಿಂದ ಬ = 2ಕ + ಡ. ಆಕ್ಸಿಜನ್‌ನಿಂದ 3ಬ = 6ಕ + ಡ + ಇ. ಯಾವುದಾದರೂ ಒಂದಕ್ಕೆ ನೀವೇ ಬೆಲೆ ಕೊಡಿ, ಇ = 1 ಅನ್ನಿ. ಆಗ ಬ = 2. ಉಳಿದ ಎರಡು: 2ಕ + ಡ = 2, 6ಕ + ಡ = 5. ಒಂದರಿಂದ ಇನ್ನೊಂದನ್ನು ಕಳೆದರೆ 4ಕ = 3, ಅಂದರೆ ಕ ಮುಕ್ಕಾಲು, ಡ ಅರ್ಧ. ಎಲ್ಲವನ್ನೂ ನಾಲ್ಕರಿಂದ ಗುಣಿಸಿ: 3, 8, 3, 2, 4. ಆಕ್ಸಿಜನ್ ಎಡಗಡೆ 24, ಬಲಗಡೆ 18 + 2 + 4 = 24. ನೋಡಲು ಉದ್ದ, ಆದರೆ ಈ ದಾರಿಯಲ್ಲಿ ಅದೃಷ್ಟ ಬೇಕಾಗಿಲ್ಲ. ಸಣ್ಣ ಸಮೀಕರಣಕ್ಕೆ ಮಾತ್ರ ಇದನ್ನು ಬಳಸಬೇಡಿ, ಸೊಳ್ಳೆ ಹೊಡೆಯಲು ಸುತ್ತಿಗೆ ತಂದ ಹಾಗಾಗುತ್ತದೆ.

ಪದೇ ಪದೇ ಆಗುವ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಈ ಏಳು ಒಂಟಿಯಾಗಿ ಬಂದಾಗ ಜೋಡಿಯಾಗಿಯೇ ಬರೆಯಬೇಕು. ಸಂಯುಕ್ತದ ಒಳಗೆ ಆ ನಿಯಮ ಇಲ್ಲ. ದೊಡ್ಡ ಸಂಖ್ಯೆ ಇಡೀ ಸೂತ್ರವನ್ನು ಗುಣಿಸುತ್ತದೆ, ಬರೀ ಮೊದಲ ಧಾತುವನ್ನಲ್ಲ: 3ಸಿಎ(ಓಎಚ್)₂ ಅಂದರೆ ಕ್ಯಾಲ್ಸಿಯಂ ಮೂರು, ಆಕ್ಸಿಜನ್ ಆರು, ಹೈಡ್ರೋಜನ್ ಆರು. ಸೂತ್ರದ ನಡುವೆ ದೊಡ್ಡ ಸಂಖ್ಯೆ ತುರುಕಬೇಡಿ. ಕೊನೆಗೆ ಎಲ್ಲ ಸಂಖ್ಯೆಗಳೂ ಒಂದೇ ಸಂಖ್ಯೆಯಿಂದ ಭಾಗವಾಗುವಂತಿದ್ದರೆ ಭಾಗಿಸಿ. ಮತ್ತೆ, ಪೆನ್ಸಿಲ್ ಬಳಸಿ. ಪೆನ್ನಿನಲ್ಲಿ ಮಾಡಿ ಮೂರು ಸಲ ಗೀಚಿದ ಮೇಲೆ ಪುಟ್ಟ 2 ಯಾವುದು, ದೊಡ್ಡ 2 ಯಾವುದು ಅಂತ ನಿಮಗೇ ಗೊತ್ತಾಗುವುದಿಲ್ಲ.

ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಪರಮಾಣುಗಳು ಅಥವಾ ಗಂಟುಗಳು, ಬಂದರೆ ಪರಮಾಣುವಿನ ಜೊತೆ ವಿದ್ಯುದಾವೇಶವೂ ತೂಗಬೇಕು. ಸಿಯು + ಎಜಿ⁺ → ಸಿಯು²⁺ + ಎಜಿ ನೋಡಿ. ತಾಮ್ರ ಒಂದೊಂದು, ಬೆಳ್ಳಿ ಒಂದೊಂದು, ಸರಿ ಅನಿಸುತ್ತದೆ. ಆದರೆ ಎಡಗಡೆ ಆವೇಶ +1, ಬಲಗಡೆ +2. ಬೆಳ್ಳಿಯನ್ನು ಎರಡೂ ಕಡೆ ಎರಡು ಮಾಡಿದರೆ ಮಾತ್ರ ಸರಿಹೋಗುತ್ತದೆ.

ಇನ್ನೊಂದು. ಸಮೀಕರಣ ಸರಿದೂಗಿತು ಅಂದ ಮಾತ್ರಕ್ಕೆ ಆ ಕ್ರಿಯೆ ನಡೆಯುತ್ತದೆ ಅಂತಲ್ಲ. ಸಿಯು + 2ಎಚ್‌ಸಿಎಲ್ → ಸಿಯುಸಿಎಲ್₂ + ಎಚ್₂ ಕಾಗದದ ಮೇಲೆ ಚೆನ್ನಾಗಿ ತೂಗುತ್ತದೆ. ಆದರೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ತಾಮ್ರದ ತುಂಡು ಹಾಕಿ ಕಾದರೆ ಹೈಡ್ರೋಜನ್‌ನ ಒಂದು ಗುಳ್ಳೆಯೂ ಏಳುವುದಿಲ್ಲ. ತಕ್ಕಡಿಗೆ ತೂಕ ಮಾತ್ರ ಗೊತ್ತು, ಯಾವುದು ಯಾವುದರ ಜೊತೆ ಸೇರುತ್ತದೆ ಅನ್ನುವುದು ಗೊತ್ತಿಲ್ಲ.

‘ಐನ್‌ಸ್ಟೈನ್ ಪ್ರಕಾರ ರಾಶಿಯೇ ಶಕ್ತಿ ಆಗುತ್ತಲ್ಲ, ಆಗ ನಿಯಮ?’ ಅಂತ ಕೇಳುವ ಜಾಣರೂ ಇರುತ್ತಾರೆ. ಒಳ್ಳೆಯ ಪ್ರಶ್ನೆ. 16 ಗ್ರಾಂ ಮೀಥೇನ್ ಉರಿದಾಗ ಸುಮಾರು 890 ಕಿಲೋಜೂಲ್ ಶಾಖ ಹೊರಬರುತ್ತದೆ. ಅದಕ್ಕೆ ಸಮನಾದ ರಾಶಿ ಲೆಕ್ಕ ಹಾಕಿದರೆ ಒಂದು ಗ್ರಾಂನ ಹತ್ತು ಕೋಟಿಯಲ್ಲಿ ಒಂದು ಪಾಲು. ಮೇಲೆ ನಾವು 80 = 80 ಅಂತ ಬರೆದೆವಲ್ಲ, ಅದರಲ್ಲಿ ಇದು ಶಾಲೆಯ ಯಾವ ತಕ್ಕಡಿಗೂ ಸಿಗುವುದಿಲ್ಲ. ಪರಮಾಣುಗಳ ಎಣಿಕೆಯಂತೂ ಒಂದೂ ತಪ್ಪುವುದಿಲ್ಲ.

ಕೈ ಪಳಗಲಿ ಅಂತ ಮೂರು ಕೊಡುತ್ತೇನೆ. ಕಾದ ಕಬ್ಬಿಣದ ಮೇಲೆ ನೀರಿನ ಹಬೆ: ಎಫ್‌ಇ + ಎಚ್₂ಓ → ಎಫ್‌ಇ₃ಓ₄ + ಎಚ್₂. ಇಲ್ಲಿ ಆಕ್ಸಿಜನ್ ಒಂಟಿಯಾಗಿಲ್ಲ, ಹೈಡ್ರೋಜನ್ ಒಂಟಿಯಾಗಿದೆ, ಮರೆಯಬೇಡಿ. ಎರಡನೆಯದು ಅಮೋನಿಯಾ: ಎನ್‌ಎಚ್₃ + ಓ₂ → ಎನ್‌ಓ + ಎಚ್₂ಓ. ಇದರಲ್ಲಿ ಅರ್ಧ ಬಂದೇ ಬರುತ್ತದೆ. ಮೂರನೆಯದು ಸ್ವಲ್ಪ ತರಲೆ: ಕೆಎಂಎನ್‌ಓ₄ + ಎಚ್‌ಸಿಎಲ್ → ಕೆಸಿಎಲ್ + ಎಂಎನ್‌ಸಿಎಲ್₂ + ಎಚ್₂ಓ + ಸಿಎಲ್₂. ಇಲ್ಲಿ ಎಂಎನ್ ಅಂದರೆ ಮ್ಯಾಂಗನೀಸ್. ಕ್ಲೋರಿನ್ ಮೂರು ಕಡೆ ಹಂಚಿಹೋಗಿದೆ, ಅದನ್ನು ಕೊನೆಗೆ ಬಿಡಿ, ಆಕ್ಸಿಜನ್‌ನಿಂದ ಶುರುಮಾಡಿ. ಈ ಒಂದು ಸಲ ಕ್ರಮ ಪೂರ್ತಿ ತಲೆಕೆಳಗು.

ಮಾಡಿದ ಮೇಲೆ ಮಾತ್ರ ಮುಂದೆ ಓದಿ. ಮೊದಲನೆಯದು 3, 4, 1, 4, ತೂಕ ಎರಡೂ ಕಡೆ 240. ಎರಡನೆಯದು 4, 5, 4, 6, ತೂಕ 228. ಮೂರನೆಯದು 2, 16, 2, 2, 8, 5. ಅದರ ತೂಕ ನೀವೇ ಹಾಕಿ ನೋಡಿ: ಪೊಟ್ಯಾಸಿಯಂ 39, ಮ್ಯಾಂಗನೀಸ್ 55, ಕ್ಲೋರಿನ್ 35.5.